ಮಹಾಮಾರಿ ಮುಗಿದರೆ ಸೇವೆಯೂ ಮುಗಿಯಿತೇ?

ಕೊರೊನಾ ಕಾಲದಲ್ಲಿ, 2020-21ರಲ್ಲಿ, ಬೆಂಗಳೂರು ಮಹಾಧರ್ಮಪ್ರಾಂತ್ಯದ ಸ್ವಯಂಸೇವಕರು ಮತಭೇದವೆಣಿಸದೆ ಮೃತರ ಅಂತ್ಯಸಂಸ್ಕಾರ ನೆರವೇರಿಸಿದರು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ತುರ್ತುಸ್ಥಿತಿಯ ಅಂತ್ಯವನ್ನು ಸಾರಿತು.

ಆದರೆ ಕ್ಷಯರೋಗ ತೊಲಗಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತೀಯರು. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಸೇವಿಸಬೇಕು. ಅರೆಹೊಟ್ಟೆಯೂ ನೆರೆಹೊರೆಯ ತಿರಸ್ಕಾರವೂ ಸೇರಿದರೆ ರೋಗಿ ಚಿಕಿತ್ಸೆಯನ್ನು ನಡುವೆಯೇ ಕೈಬಿಡುತ್ತಾನೆ. ಆಗ ರೋಗವು ಔಷಧಕ್ಕೂ ಮಣಿಯದಂತೆ ಬಲಿಯಬಹುದು.

2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ನಿಕ್ಷಯ ಮಿತ್ರ’ ಯೋಜನೆಯಡಿ ಕುಟುಂಬವಾಗಲಿ, ಧರ್ಮಕೇಂದ್ರದ ಸಂಘವಾಗಲಿ ಸಮ್ಮತಿಸಿದ ರೋಗಿಯೊಬ್ಬರ ಪೌಷ್ಟಿಕ ಆಹಾರದ ಹೊಣೆಯನ್ನು ಕನಿಷ್ಠ ಆರು ತಿಂಗಳು ಹೊರಬಹುದು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಮೃತರಿಗೆ ಹೆಗಲು ಕೊಟ್ಟ ಸಮುದಾಯವು ಬದುಕಲು ಹೋರಾಡುವವರಿಗೆ ಕೈನೀಡದಿರಬಹುದೇ? ತಪಸ್ಸುಕಾಲದ ಉಳಿತಾಯಕ್ಕೆ ಇದಕ್ಕಿಂತ ಯೋಗ್ಯವಾದ ವಿನಿಯೋಗವಿಲ್ಲ.