ಮನೆಯ ಸಂಗ್ರಹಪೆಟ್ಟಿಗೆ ಮತ್ತು ಹಿಂದಿನ ಪಾಠಗಳ ರಕ್ಷಣೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಅವರ ಸಂಪಾದಕತ್ವದ ‘ಎಪಿಗ್ರಾಫಿಯ ಕರ್ನಾಟಿಕ’ 3ನೆಯ ಸಂಪುಟದಲ್ಲಿ 1894ರಲ್ಲಿ ಪ್ರಕಟವಾದವು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಹೊಸ ಪಾಠ ಬಂದಿತೆಂದು ಹಳೆಯದನ್ನು ಯಾರೂ ಕೈಬಿಡಲಿಲ್ಲ. ಎರಡನ್ನೂ ಎದುರಿಗಿಟ್ಟುಕೊಂಡಾಗಲೇ ತಿದ್ದುಪಡಿಯ ಸ್ವರೂಪ ಅಭ್ಯಾಸಿಗೆ ತಿಳಿಯುತ್ತದೆ. ಮುದ್ರಿತ ಗ್ರಂಥಗಳ ಮಟ್ಟಿಗೆ ಸಹಜವಾಗಿರುವ ಈ ಶಿಸ್ತು ಗಣಕದ ಕಡತಗಳ ವಿಷಯದಲ್ಲಿ ಸಡಿಲವಾಗುತ್ತಿರುವುದು ಚಿಂತಿಸಬೇಕಾದ ಸಂಗತಿ.

ಈ ಸೀಮೆಯ ನೀಲಗಾರರ, ಕಂಸಾಳೆಯವರ ಹಾಡುಗಾರಿಕೆಯ ಧ್ವನಿಮುದ್ರಣ, ಅದರ ಲಿಪ್ಯಂತರ, ಶಾಸನಗಳ ಛಾಯಾಚಿತ್ರ ಇವೆಲ್ಲ ಇಂದು ಕಡತಗಳಾಗಿಯೇ ಉಳಿಯುತ್ತವೆ. ಅವುಗಳನ್ನು ಮನೆಯ ಜಾಲಕ್ಕೆ ಜೋಡಿಸಿದ ಸಂಗ್ರಹಪೆಟ್ಟಿಗೆಯಲ್ಲಿ, ಅಂದರೆ ‘ನ್ಯಾಸ್’ನಲ್ಲಿ, ಇಡುವ ಸಂಶೋಧಕರಿಗೆ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯ ಒದಗಿದೆ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೊದಲಾದ ಕಡತವ್ಯವಸ್ಥೆಗಳಲ್ಲಿ ಇದು ಒಂದು ನಿರ್ದಿಷ್ಟ ಕ್ಷಣದ ಸ್ಥಿತಿಯನ್ನು ಬದಲಾಗದಂತೆ ಹಿಡಿದಿಡುತ್ತದೆ. ಕಡತವನ್ನು ತಿದ್ದಿದಾಗ ಹೊಸ ಅಂಶ ಬೇರೆಡೆ ಬರೆಯಲ್ಪಡುತ್ತದೆ. ಹಳೆಯದು ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಆರಂಭದಲ್ಲಿ ಸ್ನ್ಯಾಪ್‌ಶಾಟ್ ಸ್ಥಳವನ್ನೇ ಬೇಡುವುದಿಲ್ಲವೆನ್ನಬಹುದು. ಬದಲಾವಣೆ ಹೆಚ್ಚಿದಂತೆ ಅದರ ಭಾರವೂ ಹೆಚ್ಚುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಪೆಟ್ಟಿಗೆ ತುಂಬಿತೆಂದು ಕಡತಗಳನ್ನು ಅಳಿಸಿದರೂ ಸ್ಥಳ ಬಿಡುವಾಗುವುದಿಲ್ಲ. ಹಳೆಯ ಸ್ನ್ಯಾಪ್‌ಶಾಟ್‌ಗಳು ಅವುಗಳನ್ನು ಹಿಡಿದುಕೊಂಡಿರುತ್ತವೆ. ಗಾಬರಿಗೊಂಡವರು ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಒಮ್ಮೆಲೇ ಅಳಿಸುತ್ತಾರೆ. ಪ್ರಥಮ ಲಿಪ್ಯಂತರದಲ್ಲಿದ್ದು ಅನಂತರ ‘ಶುದ್ಧಗೊಳಿಸಲ್ಪಟ್ಟ’ ಆಡುಮಾತಿನ ರೂಪಗಳು ಅದರೊಂದಿಗೆ ಮರೆಯಾಗುತ್ತವೆ. ಗಾಯಕರು ನುಡಿದುದೇನು, ಸಂಪಾದಕರು ಸೇರಿಸಿದುದೇನು ಎಂಬ ಪ್ರಶ್ನೆಗೆ ಆಗ ಲಿಖಿತ ಸಾಕ್ಷ್ಯವೇ ಇಲ್ಲವಾಗುತ್ತದೆ.

ಇದಕ್ಕೆ ಪರಿಹಾರ ಎಲ್ಲವನ್ನೂ ಉಳಿಸುವುದಲ್ಲ, ವಿಂಗಡಿಸುವುದು. ಮೂಲ ಧ್ವನಿಮುದ್ರಣಗಳಿಗೆ ಒಂದು ಹಂಚಿಕೆಯ ಕಡತಕೋಶವಿರಲಿ. ಅವು ಬದಲಾಗುವುದಿಲ್ಲವಾದ್ದರಿಂದ ಅವುಗಳ ಸ್ನ್ಯಾಪ್‌ಶಾಟ್‌ಗಳಿಗೆ ವೆಚ್ಚವಿಲ್ಲ. ಲಿಪ್ಯಂತರ ಮತ್ತು ಟಿಪ್ಪಣಿಗಳಿಗೆ ಎರಡನೆಯದಿರಲಿ. ಅವು ದಿನವೂ ಬದಲಾಗುತ್ತವೆಯಾದರೂ ಗಾತ್ರದಲ್ಲಿ ಅಲ್ಪ. ದೃಶ್ಯಸಂಕಲನದ ತಾತ್ಕಾಲಿಕ ಕಡತಗಳು ಮೂರನೆಯದರಲ್ಲಿರಲಿ. ಸ್ಥಳವನ್ನು ನುಂಗುವವು ಇವೇ ಆದ್ದರಿಂದ ಇವುಗಳ ಸ್ನ್ಯಾಪ್‌ಶಾಟ್ ಕೆಲವು ದಿನ ಉಳಿದರೆ ಸಾಕು. ದಿನ, ವಾರ, ತಿಂಗಳ ಲೆಕ್ಕದಲ್ಲಿ ತಾನಾಗಿ ಅಳಿಯುವ ಕ್ರಮ ಕೈತಪ್ಪಿಗೆ ರಕ್ಷೆ ನೀಡುತ್ತದೆಯೇ ಹೊರತು ಪಾಠಾಂತರಕ್ಕಲ್ಲ. ಪ್ರಥಮ ಲಿಪ್ಯಂತರ ಮುಗಿದಾಗ, ಗಾಯಕರ ಮುಂದೆ ಓದಿ ಪರಿಶೀಲಿಸಿದಾಗ, ಮುದ್ರಣಕ್ಕೆ ಕಳುಹಿಸುವ ಮುನ್ನ ತೆಗೆದ ಸ್ನ್ಯಾಪ್‌ಶಾಟ್‌ಗಳಿಗೆ ಹೆಸರಿಟ್ಟು, ಅವು ತಾನಾಗಿ ಅಳಿಯದಂತೆ ಬೀಗ ಹಾಕುವುದು ಅವಶ್ಯ.

ಆದರೂ ಸ್ನ್ಯಾಪ್‌ಶಾಟ್ ಪ್ರತಿಯಲ್ಲ ಎಂಬುದನ್ನು ಮರೆಯಲಾಗದು. ಅದು ಮೂಲವಿರುವ ತಟ್ಟೆಗಳಲ್ಲಿಯೇ ನೆಲೆಸಿರುತ್ತದೆ; ಪೆಟ್ಟಿಗೆ ನಾಶವಾದರೆ ಅದೂ ನಾಶವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು. ಕಪಿಲೆ ಕಾವೇರಿಯನ್ನು ಸೇರುವ ನರಸೀಪುರಕ್ಕೂ ಪ್ರವಾಹದ ಭಯ ಹೊಸತಲ್ಲ. ಇಂತಹ ಊರುಗಳಲ್ಲಿ ಒಂದು ಪ್ರತಿಯಾದರೂ ಬೇರೆ ಊರಿನಲ್ಲಿರಬೇಕು. ಹೆಸರಿಟ್ಟ ಸ್ನ್ಯಾಪ್‌ಶಾಟ್‌ಗಳನ್ನು ಮತ್ತೊಂದು ಪೆಟ್ಟಿಗೆಗೆ ರವಾನಿಸುವ ಅನುಕೂಲ ಈ ವ್ಯವಸ್ಥೆಗಳಲ್ಲಿಯೇ ಇದೆ.

ಕ್ಷೇತ್ರಕಾರ್ಯದ ಸಾಮಗ್ರಿ ಸಂಶೋಧಕನ ಮನೆಯಲ್ಲಿದ್ದರೂ ಅವನೊಬ್ಬನ ಸ್ವತ್ತಲ್ಲ. ಹಾಡಿದವರಿಗೂ ಅದರಲ್ಲಿ ಹಕ್ಕಿದೆ. ಆದಕಾರಣ ಮಹಾಪ್ರಬಂಧವನ್ನು ಸ್ವೀಕರಿಸುವ ವಿಭಾಗಗಳು ಅಂತಿಮ ಪಾಠದೊಡನೆ ಪ್ರಥಮ ಲಿಪ್ಯಂತರದ ಸ್ಥಿತಿಯನ್ನೂ ಕೇಳಿ ಪಡೆಯುವುದು ಉಚಿತ. ಹಳೆಯ ಓದನ್ನು ಉಳಿಸಿಕೊಂಡೇ ಹೊಸ ಓದನ್ನು ಕಟ್ಟಿದ ಪರಂಪರೆಗೆ ಇದು ಹೊಸ ಹೊರೆಯೇನೂ ಅಲ್ಲ.