ಹಾಸನಾಂಬೆಯ ಇರುಳ ಬೀದಿ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುವುದೆಂಬುದನ್ನು ನಮ್ಮ ವಾಚಕರು ಬಲ್ಲರು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದುದು ಬಲಿಪಾಡ್ಯಮಿಯ ಮರುದಿನ ಮುಚ್ಚುವುದು. 2025ರಲ್ಲಿ ಅಕ್ಟೋಬರ್ 9ರಿಂದ 23ರ ವರೆಗೆ ತೆರೆದಿದ್ದಿತು. ದರ್ಶನವು ರಾತ್ರಿಯೂ ನಡೆಯುವುದರಿಂದ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಂದ ಸಂಸಾರಗಳಿಗಾಗಿ ಅಂಗಡಿಬೀದಿಯೂ ಎಚ್ಚತ್ತಿರುವುದು: ಬಳೆ, ಹೂವು, ಕಡಲೆಪುರಿ, ಬೆಂಡುಬತ್ತಾಸು, ಮಕ್ಕಳ ಪೀಪಿ.

ಥಾಯ್ಲೆಂಡಿನ ಫುಕೆಟ್ ದ್ವೀಪದ ಥಲಾಂಗ್ ಬೀದಿಯಲ್ಲಿಯೂ ಇಂತಹ ಇರುಳ ಸಂತೆಯುಂಟು. ಆದರೆ ಅದು ಭಾನುವಾರ ಭಾನುವಾರವೂ ನೆರೆಯುವುದು. ಅಲ್ಲಿ ಉಳಿದ ಸರಕಿಗೆ ಮುಂದಿನ ವಾರವಿದೆ. ಇಲ್ಲಿಯ ವ್ಯಾಪಾರಿಗೆ ಗುಡಿಯ ಬಾಗಿಲು ಮುಚ್ಚಿದರೆ ಇಂತಹ ಜನ ಮತ್ತೆ ನೆರೆಯುವುದು ಮುಂದಿನ ವರ್ಷವೇ. ಬೆಳಗಾದರೆ ಹೂವು ಬಾಡುವುದು. ತೊಡಿಸುವಾಗ ಒಡೆದ ಬಳೆ ಬಳೆಗಾರನ ನಷ್ಟವೇ.

ಆದುದರಿಂದ ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಕೊಳ್ಳಬೇಕಾದುದನ್ನು ಮನೆಯಲ್ಲಿಯೇ ಎಣಿಸಿಕೊಂಡು ಹೊರಡಿರಿ; ಮಕ್ಕಳ ಕೈಗೆ ಇಂತಿಷ್ಟೆಂದು ಮೊದಲೇ ಕೊಡಿರಿ; ಬಳೆಗೆ ಕೈ ನೀಡುವ ಮುನ್ನ ಬೆಲೆಯನ್ನು ಗೊತ್ತುಮಾಡಿಕೊಳ್ಳಿರಿ. ದುಂದು ಬೇಡ, ಮೊಳ ಹೂವಿಗಾಗಿ ಹತ್ತು ಮಾತಿನ ಚೌಕಾಶಿಯೂ ಬೇಡ. ಹಾಗೆ ಉಳಿಸಿದ ಐದು ರೂಪಾಯಿ ನಮ್ಮ ಮನೆಯ ಲೆಕ್ಕದಲ್ಲಿ ಕಾಣದು. ಅವರ ಮನೆಯ ದೀಪಾವಳಿಯಲ್ಲಿ ಕಾಣುವುದು.