ತಡೆದು ತಿಳಿಯುವ ವಿದ್ಯೆ

ನಮ್ಮ ದೇಹವು ಜೀವಕೋಶಗಳಿಂದ ಆಗಿದೆಯೆಂಬುದು ಎಲ್ಲ ವಿದ್ಯಾರ್ಥಿಗಳೂ ಬಲ್ಲ ಸಂಗತಿ. ಆದರೆ ಬರಿಯ ಇಟ್ಟಿಗೆಗಳಿಂದ ಗೋಡೆ ನಿಲ್ಲದು. ನಡುವೆ ಗಾರೆ ಬೇಕು. ಕೋಶಗಳು ತಮ್ಮ ಸುತ್ತ ತಾವೇ ನೆಯ್ದುಕೊಳ್ಳುವ ಪ್ರೋಟೀನುಗಳ ಬಲೆಯೇ ದೇಹದ ಗಾರೆ. ಇದಕ್ಕೆ ಕೋಶಬಾಹ್ಯ ಮಾತೃಕೆಯೆಂದು ಹೆಸರು. ಕೊಲ್ಯಾಜೆನ್ ಇದರ ಗಟ್ಟಿ ಎಳೆ. ಇಲಾಸ್ಟಿನ್ ಹಿಗ್ಗಿ ಕುಗ್ಗುವ ಎಳೆ.

ಈ ಬಲೆಯ ಪ್ರಯೋಜನವನ್ನು ಅರಿಯಲು ಸಂಶೋಧಕರು ಅನುಸರಿಸುವ ಮಾರ್ಗಗಳಲ್ಲಿ ಒಂದು, ಅದರ ರಚನೆಯನ್ನು ರಾಸಾಯನಿಕದಿಂದ ತಡೆದು ಪರಿಣಾಮವನ್ನು ನೋಡುವುದು. ಸ್ವೀಟ್ ಪೀ ಎಂಬ ಹೂಗಿಡದ ಬೀಜಗಳನ್ನು ತಿಂದ ಇಲಿಗಳ ಬೆನ್ನೆಲುಬು ಡೊಂಕಾಗುತ್ತಿತ್ತು. ಆ ಬೀಜದ ವಿಷಕ್ಕೆ ಬೀಟಾ-ಅಮೈನೋಪ್ರೋಪಿಯೋನೈಟ್ರೈಲ್ ಕಾರಣವೆಂದು 1950ರ ದಶಕದಲ್ಲಿ ತಿಳಿಯಿತು. ಎಳೆಗಳ ನಡುವೆ ಅಡ್ಡಬಂಧಗಳನ್ನು ಹಾಕಿಸುವ ಕಿಣ್ವವನ್ನು ಪಿನೆಲ್ ಮತ್ತು ಮಾರ್ಟಿನ್ 1968ರಲ್ಲಿ ತೋರಿಸಿಕೊಟ್ಟರು. ಅದೇ ಲೈಸಿಲ್ ಆಕ್ಸಿಡೇಸ್. ವಿಷವು ತಡೆಯುವುದು ಅದನ್ನೇ. ಅಂದಿನ ವಿಷ ಇಂದು ಪ್ರಯೋಗಶಾಲೆಯ ಉಪಕರಣ.

ಇಲ್ಲಿ ಭೌತಶಾಸ್ತ್ರದ ಅಧ್ಯಾಪಕನೊಬ್ಬನು ಹೇಳಬಹುದಾದ ಮಾತೊಂದಿದೆ. ಒಂದೇ ಪ್ರತಿಬಂಧಕದ ಸಾಕ್ಷ್ಯವನ್ನು ನಂಬಿ ತೀರ್ಪು ಕೊಡಬಾರದು. ಈ ರಾಸಾಯನಿಕವನ್ನು ಹಾಕಿದಾಗ ಕೋಶದ ನಡತೆ ಬದಲಾದರೆ ಕೊಲ್ಯಾಜೆನ್ನೇ ಕಾರಣವೆನ್ನಲಾದೀತೆ? ಅದೇ ಕಿಣ್ವವು ಇಲಾಸ್ಟಿನ್ನನ್ನೂ ಹೆಣೆಯುತ್ತದೆ. ಬದಲಾಗದಿದ್ದರೆ ಮಾತೃಕೆಗೆ ಮಹತ್ವವಿಲ್ಲವೆನ್ನಬಹುದೆ? ಈ ಪ್ರತಿಬಂಧಕವು ಹೊಸ ಬಂಧಗಳನ್ನು ತಡೆಯಬಲ್ಲುದು; ಆಗಲೇ ಬಿದ್ದ ಬಂಧಗಳನ್ನು ಬಿಚ್ಚಲಾರದು.

ತಂತಿಯ ಯಂಗ್ ಗುಣಾಂಕವನ್ನು ಕಂಡುಹಿಡಿಯುವಾಗ ನಾವು ತೂಕವನ್ನು ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ ಅಳತೆ ತೆಗೆಯುತ್ತೇವೆ. ಜೀವಶಾಸ್ತ್ರದಲ್ಲಿಯೂ ಈ ಶಿಸ್ತು ಸಾಧ್ಯ. ವ್ಯಾಲೆರಿ ವೀವರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ನಿದರ್ಶನ. ಕೊಲ್ಯಾಜೆನ್ನಿನ ಲೋಳೆಯನ್ನು ರೈಬೋಸ್ ಸಕ್ಕರೆಯಿಂದ ಬಿಗಿಗೊಳಿಸಿದಾಗ, ಕ್ಯಾನ್ಸರಿನತ್ತ ಹೊರಳಿದ್ದ ಸ್ತನಕೋಶಗಳು ಹೆಚ್ಚಾಗಿ ಒಳನುಗ್ಗಿದುವು. ಇಲಿಗಳಲ್ಲಿ ಆ ಕಿಣ್ವವನ್ನು ತಡೆದಾಗ ಗಂತಿಗಳು ಕಡಿಮೆಯಾದುವು. ಬಿಗಿತವನ್ನು ಏರಿಸಿಯೂ ಇಳಿಸಿಯೂ ನೋಡಿದುದರಿಂದಲೇ ಅವರ ಮಾತಿಗೆ ತೂಕ ಬಂದಿತು.

ಪ್ರಯೋಗಶಾಲೆಯ ಫಲವು ರೋಗಿಯ ಹಾಸಿಗೆಯವರೆಗೆ ಸಲೀಸಾಗಿ ಸಾಗುವುದೆಂಬ ಭರವಸೆಯೂ ಇಲ್ಲ. ಇದೇ ಕುಟುಂಬದ ಇನ್ನೊಂದು ಕಿಣ್ವವನ್ನು ತಡೆಯುವ ಸಿಮ್ಟುಜುಮ್ಯಾಬ್ ಎಂಬ ಔಷಧವು, ಶ್ವಾಸಕೋಶವು ನಾರುಗಟ್ಟುವ ರೋಗದಲ್ಲಿ ಗುಣ ತೋರಲಿಲ್ಲವೆಂದು 2017ರಲ್ಲಿ ಪ್ರಕಟವಾದ ಪರೀಕ್ಷೆ ತಿಳಿಸಿತು. ಆ ರೋಗಿಗಳು ಆಸೆಯಿಂದ ಕಾದಿದ್ದವರು.

ಆದುದರಿಂದ, ಇಂಥ ಪ್ರಯೋಗದ ವರದಿಯನ್ನು ಓದುವ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಲಿ: ತಡೆದುದು ನಿಜವಾಗಿ ಯಾವುದನ್ನು? ಬೇರೆ ಬಗೆಯಲ್ಲಿ ತಡೆದಾಗಲೂ ಅದೇ ಫಲ ಬಂದಿತೆ? ತಡೆದುದನ್ನು ಮರಳಿ ಕೂಡಿಸಿದಾಗ ಏನಾಯಿತು? ಉತ್ತರ ದೊರೆಯುವ ತನಕ ತೀರ್ಪನ್ನು ಕಾದಿರಿಸುವುದೇ ವಿವೇಕ.